ಎಡಗೈಯ ಪಾಲು

"ಸ್ವಲ್ಪ ಓರೆ ಮಾಡಪ್ಪ, ಬಾಗಿಲಿಗೆ ತಾಗುತ್ತೆ!"

ಯಾರೋ ಕೂಗಿದರು. ಗೋಂದಣ್ಣ ದೊಡ್ಡ ಪಿಟೀಲಿನಂಥ ಚೆಲ್ಲೊವನ್ನು ಕಮಾನಿನ ಸಮೇತ ಎದೆಗವಚಿಕೊಂಡು, ಅಡ್ಡಡ್ಡಲಾಗಿ ಒಳಗೆ ನುಸುಳಿದ. ಅದನ್ನು ಪುಸ್ತಕ ಬೈಂಡಿಂಗ್ ಅಂಗಡಿಯ ಗೋದಾಮಿನಿಂದ ತರಬೇಕೆಂದು ಬೈಂಡರನ ಹೆಂಡತಿಯೇ ಹೇಳಿಕಳಿಸಿದ್ದಳು. ಒಪ್ಪಿಸಿ, ಒಂದು ಮೂಲೆಯಲ್ಲಿ ನಿಂತರಾಯಿತು ಎಂದುಕೊಂಡಿದ್ದ ಅವನು.

ನಡುಮನೆಯಲ್ಲಿ ಬೈಂಡರನ ದೇಹವನ್ನು ಮಲಗಿಸಿದ್ದರು. ಬಲಗೈ ಹೊದಿಕೆಯ ಮೇಲಿತ್ತು. ಎಡಗೈಯನ್ನು ಯಾರೋ ಒಳಗೆ ಸೇರಿಸಿದ್ದರು.

"ಬಂದ್ಯಾ? ಕೂತ್ಕೋ. ಗಾಡಿ ಬರೋದ್ರೊಳಗೆ ಏನಾದ್ರೂ ನುಡಿಸು," ಎಂದಳು ಬೈಂಡರನ ಹೆಂಡತಿ.

"ನಾನಾ ಅತ್ತಿಗೆ?"

"ಮತ್ತಿನ್ಯಾರು? ಇಷ್ಟು ವರ್ಷ ನಿಂಗೆ ಕಲಿಸಿದ್ರಲ್ಲ. ಮನೆಗೆ ಬಂದು ಹೇಳೋರು, ಇವತ್ತು ಗೋಂದಣ್ಣಂಗೆ ಹೊಸ ಪಾಠ ಆಯ್ತು ಅಂತ."

"ಆ ಪಾಠದಲ್ಲಿ ಎಷ್ಟು ದಿನ ಊಟ ಆರಿಹೋಯ್ತೋ," ಎಂದಳು ಬೈಂಡರನ ತಂಗಿ. "ಅದೇನು ಕಲಿತಿದೀಯೋ ನಾವೂ ಕೇಳೋಣ."

ಗೋಂದಣ್ಣ ಚೆಲ್ಲೊವನ್ನೇ ನೋಡಿದ. ಪಾಠವೇ? ಯಾವ ಪಾಠ?

*

ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಗಳ ಬೆನ್ನಿಗೆ ಗೋಂದು ಹಚ್ಚುವುದು ಅವನ ಕೆಲಸ. ಹೆಸರೂ ಅದರಿಂದಲೇ ಅಂಟಿತ್ತು. ಕಾಗದ ಕತ್ತರಿಸುವ ಯಂತ್ರ ಬೈಂಡರನ ಎಡಗೈಯ ಬೆರಳುಗಳನ್ನು ತೆಗೆದ ಮೇಲೆ, ಅವನು ನುಡಿಸುತ್ತಿದ್ದ ಚೆಲ್ಲೊ ಗೋದಾಮಿನಲ್ಲಿ ಧೂಳು ಹಿಡಿದು ಕೂತಿತ್ತು. ಒಂದು ಸಂಜೆ ಬೈಂಡರ್ ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೇಳಿದ:

"ಲೋ, ನಿನ್ನ ಎಡಗೈ ಸ್ವಲ್ಪ ಕೊಡ್ತೀಯಾ?"

"ತಗೊಂಡು ಏನ್ಮಾಡ್ತೀಯಣ್ಣ?"

"ಹಿಂದೆ ಕೂತು ಈ ತಂತಿ ಇಲ್ಲಿ ಒತ್ತು. ನಾನು ಕಮಾನು ಎಳೀತೀನಿ."

ಬೆರಳ ಕೆಳಗೆ ತಂತಿ ನಡುಗಿದ್ದೇ ತಡ, ಗೋಂದಣ್ಣ ಹೆದರಿ ಕೈ ಕಿತ್ತ.

"ಬಿಡಬೇಡ್ವೋ! ಅದು ಕಚ್ಚಲ್ಲ."

ಮೊದಲು ಒಂದೊಂದೇ ಸ್ವರ. ಆಮೇಲೆ ಎರಡು ತಂತಿ ಒಟ್ಟಿಗೆ ಒತ್ತಿ ಜೋಡಿಸ್ವರ. ಬೈಂಡರ್ ಎಲ್ಲಿ ಎಂದರೆ ಅಲ್ಲಿ ಒತ್ತುತ್ತ, ಗೋಂದಣ್ಣ ತನ್ನ ಬೆರಳುಗಳ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. ಕಮಾನು ಕೊಡೆಂದು ಅವನು ಒಂದು ದಿನವೂ ಕೇಳಲಿಲ್ಲ. ಅದು ಅಣ್ಣನ ಪಾಲು.

*

"ಏನಪ್ಪ, ನುಡಿಸೋಕೆ ಬಂದ್ಯೋ, ಅದನ್ನ ನೋಡೋಕೆ ಬಂದ್ಯೋ?" ತಂಗಿ ಮತ್ತೆ ಕೇಳಿದಳು.

ನುಡಿಸಲು ಕೂತರೆ ತನ್ನ ಮಾನ ಹೋಗುತ್ತದೆ. ನಿಜ ಹೇಳಿದರೆ ಅಣ್ಣ ಸುಳ್ಳುಗಾರನಾಗುತ್ತಾನೆ, ಅದೂ ಇವತ್ತು. ಅಣ್ಣ ಯಾಕೆ ಹಾಗೆ ಹೇಳಿದ? ನಾಚಿಕೆಯೋ? ಅಥವಾ ಅವನ ಲೆಕ್ಕದಲ್ಲಿ ಅದು ಪಾಠವೇ ಆಗಿತ್ತೋ? ಕೇಳೋಣವೆಂದರೆ ಹೇಳಬೇಕಾದವನು ಕಣ್ಣು ಮುಚ್ಚಿ ಮಲಗಿದ್ದ.

"ಅತ್ತಿಗೆ, ನಂಗೆ ಬರೋದು ಅರ್ಧ ಮಾತ್ರ."

"ಬಂದಷ್ಟು ನುಡಿಸು."

"ಹಂಗಲ್ಲ. ಎಡಗೈ ಅರ್ಧ. ಬಲಗೈ ಅಣ್ಣಂದೇ."

ಅತ್ತಿಗೆ ಹೊದಿಕೆಯ ಮೇಲಿದ್ದ ಬಲಗೈಯತ್ತ ನೋಡಿದಳು.

"ಅಂದ್ರೆ... ಬೆರಳು ಹೋದ ಮೇಲೂ ನುಡಿಸ್ತಿದ್ರಾ?"

"ಹೂಂ."

"ಇನ್ನು ಅದನ್ನ ಮುಟ್ಟಲ್ಲ ಅಂತ ನನ್ನೆದುರೇ ಅತ್ತಿದ್ರು." ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ನಂಗೂ ಎರಡು ಕೈ ಇದ್ವಲ್ಲೋ. ನನ್ನನ್ನ ಯಾಕೆ ಕೇಳ್ಲಿಲ್ಲ?"

"ಗೊತ್ತಿಲ್ಲ ಅತ್ತಿಗೆ. ನಿಜವಾಗ್ಲೂ ಗೊತ್ತಿಲ್ಲ."

ಅವಳು ಕುರ್ಚಿ ಎಳೆದು ಕೂತು, ಚೆಲ್ಲೊವನ್ನು ಮೈಗೆ ಒರಗಿಸಿಕೊಂಡಳು. "ಆ ಕಮಾನಿನ ಕೋಲು ಕೊಡಿಲ್ಲಿ."

"ಅತ್ತಿಗೇ! ಜನ ಏನಂತಾರೆ?" ಎಂದಳು ತಂಗಿ.

"ಕೇಳಿದ ಮೇಲೆ ಹೇಳ್ಲಿ."

ಗೋಂದಣ್ಣ ಹಿಂದೆ ನಿಂತು, ಕೈ ಚಾಚಿ, ಎರಡು ತಂತಿಗಳನ್ನು ಒತ್ತಿ ಹಿಡಿದ. ಅವಳು ಕಮಾನು ಎಳೆದಳು. ಮೊದಲು ಬಾಗಿಲು ಕಿರುಗುಟ್ಟಿದಂಥ ಸದ್ದು. ಆಮೇಲೆ ಅದರೊಳಗಿಂದಲೇ ಜೋಡಿಸ್ವರ ಎದ್ದು ಬಂತು, ದಪ್ಪವಾಗಿ, ಸ್ವಲ್ಪ ಒಡೆದು. ಕುರ್ಚಿಯ ಕಾಲು ನಡುಗಿತು. ಅವಳು ಎಳೆಯುತ್ತಲೇ ಹೋದಳು. ಕಮಾನು ತುದಿಗೆ ಬಂದು ನಿಂತಿತು.

"ಈಗ?" ಅವಳ ಚಾಚಿದ ಕೈ ಹಾಗೇ ಇತ್ತು. "ಎತ್ತಬೇಕಾ, ಹಂಗೇ ವಾಪಸ್ ತಳ್ಳಬೇಕಾ?"

ಗೋಂದಣ್ಣ ನೆನಪಿಸಿಕೊಳ್ಳಲು ನೋಡಿದ. ತನ್ನ ಬೆರಳುಗಳನ್ನೇ ನೋಡುತ್ತಿದ್ದ ಅವನು, ಕಮಾನು ಎಳೆಯುತ್ತಿದ್ದ ಅಣ್ಣನ ಬಲಗೈಯನ್ನು ನೋಡಿಯೇ ಇರಲಿಲ್ಲ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಕೈ ಇಳಿಸಲಿಲ್ಲ. ಅವನು ಸದ್ದಿಲ್ಲದ ತಂತಿಗಳನ್ನು ಇನ್ನೂ ಗಟ್ಟಿಯಾಗಿ ಒತ್ತಿದ.