ಹೇಳದೆ ಹೋದವಳು

ಏಷ್ಯಾದ ಲೇಖಕರ ಕಾದಂಬರಿಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯ ಕೊನೆಯ ಸುತ್ತಿಗೆ ನನ್ನ ಪುಸ್ತಕ ಬಂದಿದೆ ಎಂದು ಪೇಪರಿನಲ್ಲಿ ಓದಿ, ಚಾಮರಾಜಪೇಟೆಯ ನಮ್ಮ ರಸ್ತೆಯವರೆಲ್ಲ ಮನೆಗೆ ಬಂದು ಹೋದರು. ಒಂದು ದಿನವೂ ನನ್ನ ಪುಸ್ತಕ ಮುಟ್ಟದವರೂ ಬಂದರು. ಎದುರು ಮನೆಯ ಗೌರೀಶ್ ಮೈಸೂರು ಪಾಕ್ ತಂದರು. ತೀರ್ಪುಗಾರರು ಬರೆದದ್ದನ್ನು ಮೊಬೈಲಿನಲ್ಲಿ ಹುಡುಕಿ, ಬಂದವರಿಗೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದವರೂ ಅವರೇ.

"ಮನೆ ಬಿಟ್ಟು ಹೊರಟ ಮಗಳು ತಾಯಿಗೆ 'ಹೋಗಿ ಬರ್ತೀನಿ' ಅಂತಾಳಲ್ಲ, ಆ ಭರವಸೆಯ ಕೊನೆ ತುಂಬ ಹಿಡಿಸ್ತಂತೆ ಅವ್ರಿಗೆ."

ಕೈಯಲ್ಲಿದ್ದ ಸಿಹಿಯನ್ನು ತಟ್ಟೆಗೆ ವಾಪಸ್ ಇಟ್ಟೆ. ನಾನು ಬರೆದ ಮಗಳು ಆ ಮಾತು ಹೇಳುವುದೇ ಇಲ್ಲ.

ಅವಳು ನಮ್ಮಕ್ಕ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದವಳನ್ನು ಅಪ್ಪ ವಾಪಸ್ ಹೊರಡಿಸಿದರು. ನಮ್ಮಲ್ಲಿ ಎಲ್ಲಿಗೆ ಹೊರಟರೂ 'ಹೋಗಿ ಬರ್ತೀನಿ' ಎಂದೇ ಹೊರಡಬೇಕು. ಸಾವಿನ ಮನೆಯಿಂದ ಮಾತ್ರ ಏನೂ ಹೇಳದೆ ಎದ್ದು ಬರುತ್ತೇವೆ. ಅಕ್ಕ ಅವತ್ತು ಏನೂ ಹೇಳದೆ ಮೆಟ್ಟಿಲಿಳಿದು ಹೋದಳು. ಆ ಒಂದು ಮಾತಿಗಾಗಿ ಅಮ್ಮ ಬಾಗಿಲಲ್ಲಿ ನಿಂತೇ ಇದ್ದಳು. ಅಕ್ಕ ಗಂಡನ ಮನೆಗೂ ಹೋಗಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ಅವಳ ಆ ಮೌನಕ್ಕಾಗಿಯೇ ನಾನು ಇಡೀ ಕಾದಂಬರಿ ಬರೆದದ್ದು. ಇಂಗ್ಲಿಷ್ ಅನುವಾದ ನೋಡಲು ಕಳಿಸಿದಾಗ ಕೊನೆಯ ಅಧ್ಯಾಯ ಬಿಟ್ಟು ಉಳಿದದ್ದನ್ನು ಓದಿದ್ದೆ. ಆ ಅಧ್ಯಾಯವನ್ನು ಇನ್ನೊಮ್ಮೆ ಓದುವ ಗಟ್ಟಿತನ ನನಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಾರ್ಕೆಟ್ ಹತ್ತಿರ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದೆ. ಅನುವಾದ ಮಾಡಿದ ಸುಪ್ರಜಾ ಮಲ್ಲೇಶ್ವರಂನ ಹನ್ನೊಂದನೇ ಕ್ರಾಸಿನವಳು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ. ವಿದೇಶದ ಸಂಪಾದಕರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದಾಳೆ, ಪ್ರಶಸ್ತಿಯ ಆಸೆಗೆ ಬಿದ್ದಿದ್ದಾಳೆ ಎಂದೇ ನಾನು ತೀರ್ಮಾನಿಸಿದ್ದೆ. ಅವಳ ಚಳಿ ಬಿಡಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಸುಪ್ರಜಾ ಕನ್ನಡದ್ದು, ಇಂಗ್ಲಿಷಿನದು ಎರಡೂ ಪುಸ್ತಕ ತೆರೆದು ಕೊನೆಯ ಪುಟ ನೋಡಿದಳು. ಮುಖ ಬಿಳಿಚಿಕೊಂಡಿತು. ಯಾರೂ ಹೇಳಿ ಸೇರಿಸಿದ್ದಲ್ಲವಂತೆ. ಅವಳ ಅಜ್ಜಿ, ಮೂಲೆಯ ಅಂಗಡಿಗೆ ಹೋಗುವವರನ್ನೂ ಆ ಮಾತು ಹೇಳಿಸದೆ ಬಿಡುತ್ತಿರಲಿಲ್ಲವಂತೆ.

"ಅವಳು ಸುಮ್ನೆ ಹೊರಟಿದ್ಲಲ್ಲಮ್ಮಾ, ಹಾಗೇ ಕಳ್ಸೋಕೆ ಮನಸ್ಸು ಬಂದಿಲ್ಲ ಅನ್ಸುತ್ತೆ. ಬರ್ದಿದ್ದೂ ನಂಗೆ ನೆನಪಿಲ್ಲ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಅಮ್ಮ ಸಾಯುವವರೆಗೂ ಕಾದ ಮಾತನ್ನು ಈ ಹುಡುಗಿ ಅಕ್ಕನ ಬಾಯಲ್ಲಿ ಆಡಿಸಿದ್ದಳು. ಇದ್ದರೆ ಇರಲಿ, ಬಿಟ್ಟುಬಿಡಲೇ ಎನಿಸಿತು. ಪ್ರಶಸ್ತಿಯೂ ನನಗೆ ಬೇಕಿತ್ತು, ಸುಳ್ಳೇಕೆ ಹೇಳಲಿ. ಈ ವಯಸ್ಸಿನಲ್ಲಿ ಮತ್ತೆ ಯಾರು ಕರೆದು ಕೊಡುತ್ತಾರೆ?

ಆದರೂ, ಆ ಸಾಲು ಮೂಲದಲ್ಲಿಲ್ಲ ಎಂದು ಪ್ರಶಸ್ತಿಯವರಿಗೆ ಈಗಲೇ ಬರೆಯಲು ಹೇಳಿದೆ. ಅವರು ಮೆಚ್ಚಿದ್ದೇ ಆ ಸಾಲನ್ನಲ್ಲವೇ, ಪ್ರಶಸ್ತಿ ಕೈತಪ್ಪಿದರೆ ಎಂದು ಅವಳು ಮೆಲ್ಲಗೆ ಕೇಳಿದಳು.

"ತಪ್ಪಿದ್ರೆ ತಪ್ಪಲಿ. ನಮ್ಮಕ್ಕ ಬರ್ಲಿಲ್ಲ ಕಣಮ್ಮ. ಬರ್ತೀನಿ ಅಂತ ಪುಸ್ತಕದಲ್ಲೂ ಅನ್ಬಾರ್ದು."

ಸುಪ್ರಜಾ ಬರೆದು, ನನಗೆ ಓದಿ ಹೇಳಿ, ಕಳಿಸಿದಳು. ಇನ್ನು ಅಲ್ಲಿ ಕೂರಲು ಆಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಗೇಟಿನವರೆಗೆ ಬಂದೆ. ಅಗುಳಿ ಸರಿಸಲು ತಿರುಗಿದಾಗ ಅವಳು ಬಾಗಿಲಲ್ಲಿ ನಿಂತಿದ್ದು ಕಾಣಿಸಿತು. ಒಂದು ಕೈ ಚೌಕಟ್ಟಿನ ಮೇಲಿತ್ತು, ಕಣ್ಣು ನನ್ನ ಬಾಯಿಯ ಮೇಲಿತ್ತು. ಅಮ್ಮ ಹೀಗೇ ನಿಂತಿದ್ದಳು. ನಾನು ಏನೂ ಹೇಳದೆ ಇಳಿದು ಬಂದಿದ್ದೆ ಎಂದು ಆಗ ಹೊಳೆಯಿತು.

ಮತ್ತೆ ಮೆಟ್ಟಿಲು ಹತ್ತಿ ಹೋಗಿ ಅವಳ ಕೈ ಹಿಡಿದೆ.

"ಹೋಗಿ ಬರ್ತೀನಿ ಕಣೇ," ಎಂದೆ.