ನೀಲದೊಳಗಿನ ಬಿರುಕು

ಕೈ ನಡುಗತೊಡಗಿದ ಮೇಲೆ ಮುದುಕ ಟ್ರೆವರ್ ಕಿಟಕಿ ಪಕ್ಕದ ತನ್ನ ಸಾಣೆಯ ಜಾಗವನ್ನು ದಾನೇಶ್ವರಿಗೆ ಬಿಟ್ಟುಕೊಟ್ಟ. ಅಂದಿನಿಂದ ಯಾಮಿನಿಗೆ ಊಟ ರುಚಿಸಲಿಲ್ಲ.

ಬರ್ಮಿಂಗ್‌ಹ್ಯಾಮಿನ ಜ್ಯುವೆಲರಿ ಕ್ವಾರ್ಟರ್ ಎಂಬ ಆಭರಣ ಪೇಟೆಯಲ್ಲಿ ಎರಡನೆಯ ಮಹಡಿಯ ಮೇಲಿದ್ದ ಟ್ರೆವರನ ಕಾರ್ಯಾಗಾರದಲ್ಲಿ ಇದ್ದವರೇ ಮೂವರು. ಯಾಮಿನಿ ಹಾರ್ಬೋರ್ನ್ ಬಡಾವಣೆಯ ಡಾಕ್ಟರ್ ದಂಪತಿಯ ಮಗಳು. ಮೆಡಿಸಿನ್ ಬೇಡವೆಂದಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಗಿತ್ತು. ಆಭರಣ ವಿನ್ಯಾಸದಲ್ಲಿ ಫಸ್ಟ್ ಕ್ಲಾಸ್ ಡಿಗ್ರಿ, ಅದರ ಮೇಲೆ ರತ್ನಪರೀಕ್ಷೆಯ ಡಿಪ್ಲೊಮಾ ತಂದು ತೋರಿಸಿದ ಮೇಲಷ್ಟೇ ಅಪ್ಪ ಸಮಾಧಾನಗೊಂಡಿದ್ದರು. ದಾನೇಶ್ವರಿ ಹತ್ತನೇ ಕ್ಲಾಸ್ ಕೂಡ ಮುಗಿಸಿರಲಿಲ್ಲ. ಗೋಕಾಕದಲ್ಲಿ ಅಜ್ಜನ ಮಗ್ಗುಲಲ್ಲಿ ಕೂತು ಲಿಂಗ ಇಡುವ ಬೆಳ್ಳಿಯ ಕರಡಿಗೆಗಳಿಗೆ ಬೆಸುಗೆ ಹಾಕುತ್ತ ಬೆಳೆದವಳು. ಗಂಡನ ಕೆಲಸದ ಬೆನ್ನಿಗೆ ಈ ಊರಿಗೆ ಬಂದು, ಇಲ್ಲಿ ಕಸ ಗುಡಿಸಲು ಸೇರಿ, ಟ್ರೆವರನ ಕೈ ನೋಡಿ ನೋಡಿಯೇ ಹರಳಿಗೆ ಸಾಣೆ ಹಿಡಿಯುವುದನ್ನು ಕಲಿತಿದ್ದಳು.

ಯಾಮಿನಿಯ ಕೆಲಸ ಬಂದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವರದಿ ಬರೆಯುವುದು. ಸಾಣೆಯ ಮುಂದೆ ಕೂರಿಸೆಂದು ಎರಡು ಸಲ ಕೇಳಿದ್ದಳು. "ಆಗಲಿ, ನೋಡೋಣ" ಎಂದಿದ್ದ ಟ್ರೆವರ್.

ಒಂದು ಸೋಮವಾರ ಶೆಫೀಲ್ಡ್‌ನಿಂದ ಡಾಕ್ಟರ್ ಚಂದ್ರಪ್ರಭಾ ಬಂದರು. ತೀರಿಕೊಂಡ ತಾಯಿಯ ಉಂಗುರದ ನೀಲದ ಹರಳು ಅಂಚಿನಲ್ಲಿ ಮುಕ್ಕಾಗಿತ್ತು. ಅದನ್ನು ಹೊಸದಾಗಿ ಸಾಣೆ ಹಿಡಿಸಿ ಮಗಳಿಗೆ ಕೊಡಬೇಕೆಂಬ ಆಸೆ ಅವರದು. ಕಾರ್ಯಾಗಾರದ ಗೋಡೆಯ ಮೇಲಿನ ಯಾಮಿನಿಯ ಸರ್ಟಿಫಿಕೇಟ್‌ಗಳ ಕಡೆಗೆ ಅವರು ಕಣ್ಣೆತ್ತಿ ನೋಡಲಿಲ್ಲ.

"ದಾನೇಶ್ವರಿ ಅನ್ನೋರು ಯಾರು? ಗೆಳತಿಯೊಬ್ಬಳು ಅವರ ಕೆಲಸ ತೋರಿಸಿದಳು. ಅವರ ಕೈಯಿಂದಲೇ ಆಗಬೇಕು," ಎಂದರು.

ಯಾಮಿನಿ ಹರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಒಳಗೆ, ಬುಡದ ಹತ್ತಿರ, ಕೂದಲೆಳೆಯಷ್ಟು ಸಣ್ಣ ಬಿರುಕು. ಒಂದು ಕೋನದಿಂದ ಮಾತ್ರ ಕಾಣುತ್ತಿತ್ತು. ಬರಿಗಣ್ಣಿಗೆ ಸಿಕ್ಕುವಂಥದ್ದಲ್ಲ. ಅಲ್ಲಿಗೇ ಸಾಣೆಯ ಚಕ್ರ ಒತ್ತಿದರೆ ಹರಳು ಹೋಳಾಗುತ್ತದೆ. ವರದಿಯಲ್ಲಿ ಅದಕ್ಕೆಂದೇ ಒಂದು ಸಾಲಿತ್ತು. ಪೆನ್ನು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಯಾಮಿನಿ 'ದೋಷವಿಲ್ಲ' ಎಂದು ಬರೆದಳು.

ಕೈಯೇ ಎಲ್ಲ ಅಂತಾರಲ್ಲ, ಕೈಯೇ ನೋಡಿಕೊಳ್ಳಲಿ.

ಮೂರು ದಿನ ಅವಳಿಗೆ ನೆಮ್ಮದಿಯಿರಲಿಲ್ಲ. ಟಪ್ ಎಂಬ ಸದ್ದಿಗಾಗಿ ಕಿವಿ ನೆಟ್ಟು ಕೂತಿರುತ್ತಿದ್ದಳು. ಆ ಸದ್ದು ಬರಲೆಂದು ಬಯಸುತ್ತಿದ್ದಳು, ಬಯಸಿದ್ದಕ್ಕೆ ತನ್ನ ಮೇಲೆಯೇ ಹೇಸಿಕೊಳ್ಳುತ್ತಿದ್ದಳು, ಮತ್ತೆ ಬಯಸುತ್ತಿದ್ದಳು. ಗುರುವಾರ ಮಧ್ಯಾಹ್ನ ಚಕ್ರವೇ ನಿಂತಿತು.

"ಯಾಮಿನಿ, ಸ್ವಲ್ಪ ಇಲ್ಲಿ ಬರ್ರಿ," ದಾನೇಶ್ವರಿ ಕರೆದಳು. "ಇದರ ದನಿ ಬದಲಾಗೇತಿ. ಇಷ್ಟೊತ್ತು ಗುಂಯ್ ಅಂತಿತ್ತು, ಈಗ ಒಡಕು ಗಂಟಲಿನ ಹಂಗ. ಒಳಗೇನರ ಐತೇನು? ನೀವು ಕಲಿತವರು, ನೋಡಿ ಹೇಳ್ರಿ."

ಯಾಮಿನಿ ಹರಳನ್ನು ಕೈಗೆ ತೆಗೆದುಕೊಂಡಳು. ಏನೂ ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಕಾಣದ್ದನ್ನು ಕಿವಿಯಿಂದ ಕಂಡ ಆ ಹೆಂಗಸಿನ ಮುಂದೆ ಅವಳಿಂದ ಆ ಸುಳ್ಳು ಹೇಳಲಾಗಲಿಲ್ಲ.

"ಬಿರುಕಿದೆ ಅಕ್ಕ. ಬುಡದಲ್ಲಿ," ಎಂದಳು. "ಸೋಮವಾರವೇ ನೋಡಿದ್ದೆ."

ದಾನೇಶ್ವರಿ ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. ಹರಳನ್ನು ಅವಳ ಕೈಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, "ಯಾವ ಕಡೆಗೆ ಓಡೇತಿ, ತೋರಸ್ರಿ," ಎಂದಳು.

ಸಂಜೆಯವರೆಗೂ ಇಬ್ಬರೂ ಅದರ ಮೇಲೆ ಬಗ್ಗಿ ಕೂತರು. ಯಾಮಿನಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬಿರುಕಿನ ದಾರಿ ಹೇಳಿದಳು, ದಾನೇಶ್ವರಿ ಹರಳನ್ನು ಓರೆಯಾಗಿ ಹಿಡಿದು ಆ ಭಾಗವನ್ನೇ ಸ್ವಲ್ಪಸ್ವಲ್ಪವಾಗಿ ಸವೆಸಿ ತೆಗೆದಳು. ನೀಲ ಸ್ವಲ್ಪ ಚಿಕ್ಕದಾಯಿತು, ಆದರೆ ಉಳಿಯಿತು.

ಶನಿವಾರ ಚಂದ್ರಪ್ರಭಾ ಉಂಗುರವನ್ನು ಬೆಳಕಿಗೆ ಹಿಡಿದು ಕಣ್ಣೊರೆಸಿಕೊಂಡರು. ದಾನೇಶ್ವರಿಯ ಎರಡೂ ಕೈ ಹಿಡಿದುಕೊಂಡರು. ಯಾಮಿನಿಯನ್ನು ಬಿಲ್ ಕೊಡುವ ಹುಡುಗಿ ಎಂದುಕೊಂಡರೋ ಏನೋ, ಸುಮ್ಮನೆ ತಲೆಯಾಡಿಸಿ ಹೊರಟರು.

ದಾನೇಶ್ವರಿ ಟ್ರೆವರನಿಗೆ ಏನನ್ನೂ ಹೇಳಿರಲಿಲ್ಲ. ಅದೇ ಯಾಮಿನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. ಕೆಲಸದಲ್ಲಿ ಮುಂದಿದ್ದದ್ದು ಸಾಲದೆ, ದೊಡ್ಡತನದಲ್ಲೂ ಇವಳೇ ಮುಂದಿರಬೇಕೆ? ಆ ಕಿಚ್ಚಿನಲ್ಲೇ ಅವಳು ಟ್ರೆವರನ ಎದುರು ಹೋಗಿ ನಿಂತು, ಸುಳ್ಳು ವರದಿಯ ಸಂಗತಿಯನ್ನು ತಾನೇ ಹೇಳಿಬಿಟ್ಟಳು.

ಮುದುಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಇನ್ನಾರು ತಿಂಗಳು ನೀನು ವರದಿಗೆ ಸಹಿ ಹಾಕಕೂಡದು," ಎಂದ. "ಸೋಮವಾರದಿಂದ ದಾನೇಶ್ವರಿಯ ಕೈಕೆಳಗೆ ಕೂತು ಸಾಣೆ ಕಲಿ. ಅವಳು ಒಪ್ಪಿದರೆ ಮಾತ್ರ."

ದಾನೇಶ್ವರಿ ಕೂಡಲೇ ಒಪ್ಪಲಿಲ್ಲ. ಎರಡು ದಿನ ಬಿಟ್ಟು, ಅಗ್ಗದ ಸ್ಫಟಿಕದ ತುಂಡೊಂದನ್ನು ಅವಳ ಮುಂದಿಟ್ಟಳು.

"ನಿಮ್ಮ ಮ್ಯಾಲೆ ನನಗಿನ್ನೂ ಸಿಟ್ಟೈತ್ರಿ," ಎಂದಳು. "ಭುಜ ಸಡಿಲ ಬಿಡ್ರಿ. ಒತ್ತಬ್ಯಾಡ್ರಿ."

ಯಾಮಿನಿ ಒತ್ತಿದಳು. ಸ್ಫಟಿಕ ಚಿಮ್ಮಿ ನೆಲಕ್ಕೆ ಬಿತ್ತು. ಪಕ್ಕದಲ್ಲಿ ದಾನೇಶ್ವರಿಯ ಬೆರಳುಗಳು ಹಸಿರು ಹರಳೊಂದನ್ನು ನೋಡದೆಯೇ ತಿರುಗಿಸುತ್ತಿದ್ದವು. ಆ ಬೆರಳುಗಳನ್ನು ಕಂಡು ಯಾಮಿನಿಯ ಹೊಟ್ಟೆ ಮೊದಲಿನಂತೆಯೇ ಉರಿಯಿತು. ಅವಳು ಬಗ್ಗಿ ತುಂಡನ್ನು ಹೆಕ್ಕಿಕೊಂಡಳು.