ಮೂರು ಗಂಟೆಯ ಬೆಂಚುಗಳು

ವಾರ್ನಿಶ್ ವಾಸನೆ ಇನ್ನೂ ಮೂಗಿನಲ್ಲಿದೆ, ಬೆಂಚು ಹೊತ್ತ ಟೆಂಪೊ ಖಡಕಿ ಪೇಟೆ ದಾಟಿ ಎಷ್ಟೋ ಹೊತ್ತಾಗಿರಬೇಕು, ವಾಸನೆ ಮಾತ್ರ ಹೋಗುತ್ತಿಲ್ಲ, ಮಕ್ಕಳು ಮತ್ತೆ ನೆಲದ ಮೇಲೆ, ಗೋಣಿತಟ್ಟಿನ ಮೇಲೆ, ಜುಲೈ ತಿಂಗಳ ತೇವ ತಟ್ಟಿನಿಂದ ಬಟ್ಟೆಗೆ ಏರುತ್ತದೆ, ಹದಿನೇಳು ವರ್ಷದಿಂದ ನೋಡುತ್ತಿದ್ದೇನೆ, ಕುರ್ಚಿಯಲ್ಲಿ ಕೂತು ನೋಡುತ್ತಿದ್ದೇನೆ. ನಾನು ರೇಣು ಟೀಚರ್, ಪುಣೆಯ ಸರ್ಕಾರಿ ಕನ್ನಡ ಶಾಲೆ, ಒಂದೇ ಕೋಣೆಯಲ್ಲಿ ಮೂರನೆಯ, ನಾಲ್ಕನೆಯ ತರಗತಿ, ಇಪ್ಪತ್ತಾರು ಮಕ್ಕಳು, ಎಲ್ಲ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು — ಇವತ್ತು ಬೆಳಿಗ್ಗೆ ಹತ್ತಕ್ಕೆ ಟೆಂಪೊ, ಅದರ ಹಿಂದೆಯೇ ಬೈಕಿನಲ್ಲಿ ಮಾರ್ತಾಂಡ ಸಾಹೇಬರು, ಶಿಕ್ಷಣ ಖಾತೆಯವರು, ನಮ್ಮ ಇಂಡಿ ತಾಲೂಕಿನವರೇ, ಅಂದರು, ಟೀಚರ್ ಬಾಯಾರ, ಇವು ಮಾದರಿ ಶಾಲಿ ಬೆಂಚ್, ಎಲ್ಲಾ ಶಾಲಿಗೂ ಸಮಾ ಹಂಚೇವಿ ಅಂತ ಕಾಗದದಾಗ ಅದ, ತಪಾಸಣಿ ಮ್ಯಾಡಮ್ ನೋಡಿ ಹೋಗೂತನಕಾ ಇರ್ಲಿ, ಆಮ್ಯಾಲ ಒಯ್ತೇವಿ. ನಮ್ಮ ಪಾಲಿನವು ಎಲ್ಲಿ ಅದಾವ್ರಿ ಸಾಹೇಬ್ರ, ಎಂದೆ, ನಕ್ಕರು, ಅಲ್ಲೇ ಅದಾವು, ದೊಡ್ಡ ಮಂದಿ ಬಂದು ನೋಡೂ ಶಾಲಿ ಅದು, ಇಲ್ಲಿ ಯಾರ್ ಬರ್ತಾರ್ರಿ, ಬೆಂಚ್ ಮುಟ್ಟ್ಯಾವು ಅಂತ ಸಹಿ ಮಾಡ್ರಿ, ಇಲ್ಲಾಂದ್ರ ಮಕ್ಕಳು ಕಡಿಮಿ ಅಂತ ಬರದು ಈ ಶಾಲಿ ಮುಚ್ಚಬೇಕಾಗ್ತದ, ನಿಮ್ಮ ನೀತಾ ಅಲ್ಲೇ ಓದತಾಳಲ್ಲ, ಮಾದರಿ ಶಾಲ್ಯಾಗ? — ಓದುತ್ತಾಳೆ, ನನ್ನ ಮಗಳು, ಸೀಟಿಗಾಗಿ ಇವರ ಮನೆಗೇ ಹೋಗಿದ್ದೆ, ಸಹಿ ಮಾಡಿದೆ, ಪೆನ್ನೂ ಅವರದೇ.

ಭೀಮವ್ವನಿಗೆ ಹೇಳಿಕೊಟ್ಟವಳು ನಾನೇ, ಅಜ್ಜಿಯ ಹೆಸರು ಹೊತ್ತ ಎಂಟು ವರ್ಷದ ಹುಡುಗಿ, ಮರಾಠಿಯಲ್ಲಿ ಚುರುಕು, ಮುಂದಿನ ಬೆಂಚಿನಲ್ಲಿ ಕೂರಿಸಿದೆ, ಬೆಂಚು ಯಾವಾಗ ಬಂದ್ವು ಅಂದ್ರ ಜೂನದಾಗ ಅನ್ನು, ಛಂದ ಹೇಳಿದ್ರ ಇಲ್ಲೇ ಇರ್ತಾವು, ಖರೇನ ಟೀಚರ್ರಿ, ಎಂದಳು, ಖರೇನ, ಎಂದೆ. ಯಾಕೆ ಹಾಗಂದೆ, ಬೆದರಿಸಿದ್ದರೂ ಹೇಳುತ್ತಿದ್ದಳು, ಆಸೆ ಬೇಗ ಕೆಲಸ ಮಾಡುತ್ತದೆ, ಅಷ್ಟೇ. ಮ್ಯಾಡಮ್ ಬಾಗಿ ಮರಾಠಿಯಲ್ಲಿ ಕೇಳಿದಾಗ ಜೂನ್ ಎಂದಳು, ತನ್ನದೂ ಒಂದು ಸುಳ್ಳು ಸೇರಿಸಿದಳು, ದಿನಾ ನಾವೇ ಒರೆಸುತ್ತೇವೆ ಎಂದು, ಆ ಬೆಂಚು ಅಷ್ಟು ಬೇಕಾಗಿತ್ತು ಅವಳಿಗೆ, ಮ್ಯಾಡಮ್ ಕೆನ್ನೆ ಸವರಿದರು, ಫೋಟೊ, ಚಹಾ, ಹೋದರು.

ಒಂದು ಗಂಟೆಗೆ ಮತ್ತೆ ಟೆಂಪೊ, ಹಮಾಲರು ಇಲ್ಲ, ಹುಡುಗ್ರೇ ಹೊರ್ಲಿ ಎಂದರು ಸಾಹೇಬರು, ನಾಲ್ಕ್ ನಾಲ್ಕ್ ಮಂದಿ ಹಿಡೀರಿ, ಗ್ವಾಡಿಗೆ ತಾಗಸಬ್ಯಾಡ್ರಿ, ಗೀರು ಬಿದ್ದಾವು — ಇದು ನನ್ನ ದನಿ, ಗೀರು ಬೀಳಬಾರದು, ನಾಳೆ ನೀತಾ ಕೂರುವ ಬೆಂಚು. ಹೊತ್ತರು, ಆಟವೆಂದುಕೊಂಡು ಕೆಲವರು ನಕ್ಕರು ಕೂಡ, ಭೀಮವ್ವ ಏಳಲಿಲ್ಲ, ಎರಡೂ ಕೈಯಿಂದ ಅಂಚು ಹಿಡಿದಳು, ನಾ ಬರೋಬ್ಬರಿ ಹೇಳಿದ್ನಲ್ಲ ಟೀಚರ್ರಿ, ಹೇಳಲಿಲ್ಲೇನು, ಸಾಹೇಬರು ಗಡಿಯಾರ ನೋಡಿಕೊಂಡರು, ನೀವೇ ಬಿಡಸ್ರಿ ಬಾಯಾರ. ಬಿಡಿಸಿದೆ. ಎಡಗೈ ಸುಲಭವಾಗಿ ಬಂತು, ಬಲಗೈಯನ್ನು ಒಂದೊಂದೇ ಬೆರಳಾಗಿ ಬಿಡಿಸಬೇಕಾಯಿತು, ಕಿರುಬೆರಳೊಂದು ಬಿಡಲಿಲ್ಲ, ಅಷ್ಟು ಚಿಕ್ಕದು, ನನಗೆ ಸಿಟ್ಟು ಬಂತು, ಅದರ ಮೇಲೆ, ಹಿಂದಕ್ಕೆ ಮಡಚಿದೆ, ಚಟ್ ಎಂದಿತು. ಅವಳು ಅಳಲಿಲ್ಲ, ಅತ್ತಿದ್ದರೆ ಗದರಬಹುದಿತ್ತು.

ಈಗ ಕೊನೆಯ ಪಿರಿಯಡ್, ಮಗ್ಗಿ, ಏಳೊಂದ್ಲಿ ಏಳು, ಇಪ್ಪತ್ತೈದು ಬಾಯಿ, ಒಂದು ಬಾಯಿ ಮುಚ್ಚಿದೆ, ಭೀಮವ್ವ ತಟ್ಟಿನ ಮೇಲೆ ಕೂತು ಕಿರುಬೆರಳು ಎತ್ತಿದ್ದಾಳೆ, ಒಂದಕ್ಕೆ ಹೋಗಬೇಕೇನೋ, ಹೋಗು ಎಂದೆ, ಏಳುತ್ತಿಲ್ಲ, ಏಳೆರಡ್ಲಿ ಹದಿನಾಲ್ಕು, ಹೋಗವ್ವ, ಹೋಗಂದ್ನಲ್ಲ, ಏಳುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಕಿರುಬೆರಳು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿದೆ, ತುದಿ ಬದಿಗೆ ವಾಲಿದೆ, ಕೈ ಇಳಿಸು, ಏಳ್ಮೂರ್ಲಿ, ಕೈ ಇಳಿಸು ಭೀಮವ್ವ, ಏಳ್ಮೂರ್ಲಿ — ಏಳ್ಮೂರ್ಲಿ ಎಷ್ಟು — ಆ ಬೆರಳು, ಇಳಿಸು, ಆ ಬೆರಳು